ಬಿಸಿನೀರಿನ ಪೈಪುಗಳು: ಮನೆ ಮತ್ತು ವಾಹನದ ಹೀಟರ್ ವ್ಯವಸ್ಥೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯ್ಲರ್, ಗೀಸರ್ ಅಥವಾ ವಾಹನದ ಹೀಟರ್ ವಿಚಾರ ಬಂದಾಗ ಎಲ್ಲರ ಗಮನವೂ ಯಂತ್ರದ ಮೇಲೆಯೇ ಇರುತ್ತದೆ. ಪೈಪಿನ ಬಗ್ಗೆ ಕೇಳುವವರು ಕಡಿಮೆ. ಒಂದು ಕೋಣೆ ಬೆಚ್ಚಗಾಗುತ್ತಿಲ್ಲ, ನಲ್ಲಿಯಲ್ಲಿ ಬಿಸಿನೀರು ತಡವಾಗಿ ಬರುತ್ತದೆ, ಕಾರಿನೊಳಗೆ ಏನೋ ಸಿಹಿ ವಾಸನೆ ಎಂಬ ದೂರುಗಳ ಬೆನ್ನು ಹತ್ತಿ ಹೋದರೆ ಬಹಳ ಸಲ ನಾವು ಹೋಗಿ ನಿಲ್ಲುವುದು ಪೈಪು, ಜಾಯಿಂಟ್, ವಾಲ್ವುಗಳ ಮುಂದೆ. ಕಾದ ನೀರು ಹಿಗ್ಗುತ್ತದೆ, ತನ್ನೊಳಗಿನ ಗಾಳಿಯನ್ನು ಹೊರಬಿಡುತ್ತದೆ, ಲೋಹವನ್ನು ತಿನ್ನುತ್ತದೆ. ಈ ಮೂರನ್ನೂ ಗಮನದಲ್ಲಿಟ್ಟುಕೊಂಡು ಪೈಪು ಹಾಕಿದವರಿಗೆ ಮುಂದೆ ತೊಂದರೆ ಕಡಿಮೆ. ಕೆಳಗಿನ ಬಹುಪಾಲು ಉತ್ತರಗಳು ಇವುಗಳಲ್ಲೇ ಒಂದಕ್ಕೆ ಸಂಬಂಧಿಸಿದವು.

ಬಿಸಿನೀರಿನಿಂದ ಮನೆ ಬೆಚ್ಚಗಾಗುವುದು ಹೇಗೆ?

ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಒಂದು ಪೈಪಿನ ಮೂಲಕ ಕೋಣೆಗಳ ರೇಡಿಯೇಟರುಗಳಿಗೆ ತಳ್ಳುತ್ತದೆ. ಅಲ್ಲಿ ಶಾಖ ಕೊಟ್ಟು ತುಸು ತಣಿದ ನೀರು ಇನ್ನೊಂದು ಪೈಪಿನಲ್ಲಿ ಬಾಯ್ಲರಿಗೆ ಮರಳುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಸ್ನಾನಕ್ಕೆ, ಅಡುಗೆಗೆ ಬರುವ ನೀರು ಬೇರೆ, ಇದು ಬೇರೆ, ಎರಡೂ ಬೆರೆಯಬಾರದು.

ಲೆಕ್ಕ ಸರಳ. ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ನೀರು ಒಂದು ಡಿಗ್ರಿ ತಣಿದರೆ ಸುಮಾರು 70 ವ್ಯಾಟ್ ಶಾಖ ಸಿಗುತ್ತದೆ. ಮನೆಗೆ 10 ಕಿಲೋವ್ಯಾಟ್ ಬೇಕು, ನೀರು 20 ಡಿಗ್ರಿ ತಣಿದು ಮರಳುತ್ತದೆ ಎಂದಾದರೆ ನಿಮಿಷಕ್ಕೆ ಸುಮಾರು 7 ಲೀಟರ್ ಹರಿದರೆ ಸಾಕು. 10 ಡಿಗ್ರಿ ಮಾತ್ರ ತಣಿಯುವುದಾದರೆ 14 ಲೀಟರ್ ಹರಿಯಬೇಕು. ಪೈಪಿನ ಅಳತೆಯನ್ನೂ ಪಂಪಿನ ಶಕ್ತಿಯನ್ನೂ ಈ ಸಂಖ್ಯೆಯಿಂದಲೇ ನಿರ್ಧರಿಸಬೇಕು. ಈ ಲೆಕ್ಕ ಹಾಕದೆ ಕಣ್ಣಂದಾಜಿನಲ್ಲಿ ಪೈಪು ತರಿಸುವವರಿಗೆ ಕೆಲಸ ಒಪ್ಪಿಸಬೇಡಿ ಎಂದೇ ಹೇಳುತ್ತೇನೆ.

ಪೈಪು ದೊಡ್ಡದಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಹೊರವ್ಯಾಸ 15 ಮಿ.ಮೀ. ಇರುವ ತಾಮ್ರದ ಪೈಪಿನಲ್ಲಿ ಮೀಟರಿಗೆ ಸುಮಾರು 0.145 ಲೀಟರ್ ನೀರು ನಿಂತಿರುತ್ತದೆ, 22 ಮಿ.ಮೀ. ಪೈಪಿನಲ್ಲಿ ಸುಮಾರು 0.32 ಲೀಟರ್. ಗೀಸರಿನಿಂದ ನಲ್ಲಿಗೆ 10 ಮೀಟರ್ ದೂರ ಇದೆ ಎನ್ನೋಣ. ಬಿಸಿನೀರು ಬರುವ ಮೊದಲು ಸಣ್ಣ ಪೈಪಿನಿಂದ ಸುಮಾರು ಒಂದೂವರೆ ಲೀಟರ್ ತಣ್ಣೀರು ಹೋದರೆ ದೊಡ್ಡ ಪೈಪಿನಿಂದ ಮೂರು ಲೀಟರಿಗೂ ಹೆಚ್ಚು ಹೋಗಬೇಕು. ನಿಮಿಷಕ್ಕೆ 6 ಲೀಟರ್ ಬಿಡುವ ನಲ್ಲಿಯ ಮುಂದೆ 15 ಸೆಕೆಂಡ್ ಕಾಯುವ ಬದಲು ಅರ್ಧ ನಿಮಿಷ ಕಾಯಬೇಕಾಗುತ್ತದೆ. ಪ್ರತಿ ಸಲ ನಲ್ಲಿ ನಿಲ್ಲಿಸಿದಾಗಲೂ ಅಷ್ಟು ಬಿಸಿನೀರು ಪೈಪಿನಲ್ಲೇ ಆರಿ ವ್ಯರ್ಥವಾಗುತ್ತದೆ.

ಹಾಗೆಂದು ತೀರಾ ಸಣ್ಣದೂ ಸಲ್ಲ. ಹರಿವು ಅಷ್ಟೇ ಇದ್ದು ಒಳವ್ಯಾಸ ಅರ್ಧವಾದರೆ ನೀರಿನ ವೇಗ ನಾಲ್ಕು ಪಟ್ಟಾಗುತ್ತದೆ, ಒತ್ತಡದ ನಷ್ಟ ಸುಮಾರು 30 ಪಟ್ಟಾಗುತ್ತದೆ. ಪಂಪು ಎಷ್ಟೇ ಒದ್ದಾಡಿದರೂ ಕೊನೆಯ ಕೋಣೆಗೆ ನೀರು ತಲುಪುವುದಿಲ್ಲ. ವೇಗ ಸೆಕೆಂಡಿಗೆ ಒಂದು ಮೀಟರಿನ ಒಳಗಿದ್ದರೆ ಸದ್ದು ಬರುವುದಿಲ್ಲ. ತಾಮ್ರದಲ್ಲಿ ಬಿಸಿನೀರು ಅತಿ ವೇಗವಾಗಿ ಹರಿದರೆ ತಿರುವುಗಳ ಒಳಮೈ ಸವೆದು ತೂತು ಬೀಳುತ್ತದೆ. ಮೇಲಿನ 10 ಕಿಲೋವ್ಯಾಟಿನ ಉದಾಹರಣೆಯನ್ನೇ ತೆಗೆದುಕೊಂಡರೆ, 7 ಲೀಟರ್ ನೀರು 15 ಮಿ.ಮೀ. ತಾಮ್ರದಲ್ಲಿ ಸೆಕೆಂಡಿಗೆ ಸುಮಾರು 0.8 ಮೀಟರ್ ವೇಗದಲ್ಲಿ ಹೋಗುತ್ತದೆ. ನಡೆಯುತ್ತದೆ, ಆದರೆ ಮಿತಿಗೆ ಹತ್ತಿರ. ಮುಖ್ಯ ಪೈಪಿಗೆ 22 ಮಿ.ಮೀ., ಕವಲುಗಳಿಗೆ 15 ಮಿ.ಮೀ. ಹಾಕುವ ರೂಢಿ ಬೆಳೆದದ್ದಕ್ಕೆ ಇದೇ ಕಾರಣ.

ಬಿಸಿನೀರಿಗೆ ಯಾವ ಪೈಪು ಹಾಕಿಸಬೇಕು?

ಮೊದಲು ಹಾಕಿಸಬಾರದ್ದನ್ನು ಹೇಳಿಬಿಡುತ್ತೇನೆ: ಸಾಮಾನ್ಯ ಪಿವಿಸಿ. ಅದು ತಣ್ಣೀರಿನ ಪೈಪು. 60 ಡಿಗ್ರಿ ಸೆಲ್ಸಿಯಸ್ ಹತ್ತಿರವಾಗುತ್ತಿದ್ದಂತೆ ಮೆತ್ತಗಾಗಿ ಜೋಲುತ್ತದೆ, ಜಾಯಿಂಟ್ ಬಿಡುತ್ತದೆ. ನೋಡಲು ಹೋಲುತ್ತದೆ ಎಂದು ಸಿಪಿವಿಸಿ ಜಾಗದಲ್ಲಿ ಇದನ್ನು ಸೇರಿಸುವುದು ಅಪಾಯ.

ಸಿಪಿವಿಸಿ ಬಿಸಿನೀರಿಗೆಂದೇ ಮಾಡಿದ್ದು. ಆದರೆ ಪೈಪಿನ ಮೇಲೆ ಅಚ್ಚಾದ ಒತ್ತಡದ ಅಂಕಿಯನ್ನು ಶಾಖದ ಜೊತೆಗೇ ಓದಬೇಕು. 23 ಡಿಗ್ರಿಯಲ್ಲಿ 27 ಬಾರ್ (ಒತ್ತಡದ ಅಳತೆ; 1 ಬಾರ್ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ತಾಳುವ ಎಸ್‌ಡಿಆರ್ 11 (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು ಇರುವ) ಪೈಪು 82 ಡಿಗ್ರಿಯಲ್ಲಿ ತಾಳುವುದು ಸುಮಾರು 7 ಬಾರ್ ಮಾತ್ರ. ಇದರ ಜಾಯಿಂಟ್ ಸಾಲ್ವೆಂಟ್ ಸಿಮೆಂಟಿನಿಂದ ಆಗುತ್ತದೆ: ಎರಡೂ ಕಡೆ ಹಚ್ಚಿ, ಪೂರ್ತಿ ಒಳಗೆ ತಳ್ಳಿ, ಕಾಲು ಸುತ್ತು ತಿರುಗಿಸಿ, ಒಂದಷ್ಟು ಸೆಕೆಂಡು ಬಿಗಿಯಾಗಿ ಹಿಡಿಯಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡದೆ ನೀರು ಹಾಯಿಸಿದರೆ ಆ ಜಾಯಿಂಟ್ ಎಂದಾದರೂ ಒಂದು ದಿನ ಕೈಕೊಡುತ್ತದೆ.

ಪಿಪಿಆರ್ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಪೈಪನ್ನು ಅಂಟಿಸುವುದಿಲ್ಲ, ಕರಗಿಸಿ ಸೇರಿಸುತ್ತಾರೆ. 260 ಡಿಗ್ರಿಗೆ ಕಾದ ಯಂತ್ರದಲ್ಲಿ 20 ಮಿ.ಮೀ. ಪೈಪನ್ನೂ ಫಿಟ್ಟಿಂಗನ್ನೂ 5 ಸೆಕೆಂಡ್ ಇಟ್ಟು, ತೆಗೆದ 4 ಸೆಕೆಂಡಿನೊಳಗೆ ನೇರವಾಗಿ ಒಂದರೊಳಗೊಂದು ತಳ್ಳಬೇಕು, ತಿರುಚಬಾರದು. ಆಗ ಅಂಚಿನಲ್ಲಿ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಉಂಗುರ ಸುತ್ತಲೂ ಸಮನಾಗಿ ಉಬ್ಬುತ್ತದೆ. ಆ ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎಂದರೆ ಪೈಪು ಓರೆಯಾಗಿ ಹೋಗಿದೆ. ಹೊತ್ತು ಮೀರಿ ಕಾಯಿಸಿ, ಬಲವಾಗಿ ತಳ್ಳಿದರೆ ಒಳಗಡೆಯೂ ಅಂಥದ್ದೇ ಉಂಗುರ ಬೆಳೆದು ನೀರಿನ ದಾರಿ ಕಿರಿದಾಗುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಪಿಪಿಆರ್ ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿ.

ಪೆಕ್ಸ್ ಎಂಬ ಪಾಲಿಥಿನ್ ಪೈಪು ಬಾಗುತ್ತದೆ, ಉದ್ದನೆಯ ಸುರುಳಿಯಾಗಿ ಬರುತ್ತದೆ. ಹಾಗಾಗಿ ಗೋಡೆ, ನೆಲದೊಳಗೆ ಜಾಯಿಂಟ್ ಇಲ್ಲದೆ ಹಾಕಬಹುದು; ಇದು ಬಹಳ ದೊಡ್ಡ ಅನುಕೂಲ. ಬಿಸಿಲಿನಲ್ಲಿ ಮಾತ್ರ ಬಿಡಬಾರದು, ಅತಿನೇರಳೆ ಕಿರಣ ಅದನ್ನು ಸುಲಭವಾಗಿ ಮುರಿಯುವಂತೆ ಮಾಡುತ್ತದೆ.

ತಾಮ್ರ ದುಬಾರಿ, ಆದರೆ ಬಾಯ್ಲರಿನ ಪಕ್ಕದ ಮೊದಲ ಒಂದೆರಡು ಮೀಟರಿಗೆ, ಸೋಲಾರ್ ಹೀಟರಿನ ಬಿಸಿ ತುದಿಗೆ ಅದೇ ಸರಿ ಎಂಬುದು ನನ್ನ ನಿಲುವು. ಕತ್ತರಿಸಿದ ತುದಿಯ ಒಳಗಿನ ಚೂಪು ಅಂಚನ್ನು ಉಜ್ಜಿ ತೆಗೆಯಬೇಕು. ಬಿಟ್ಟರೆ ನೀರು ಅಲ್ಲಿ ಸುಳಿಗಟ್ಟಿ ಲೋಹವನ್ನು ಕೊರೆಯುತ್ತದೆ. ಕುಡಿಯುವ ನೀರಿನ ಪೈಪಿಗೆ ಸೀಸವಿಲ್ಲದ ಬೆಸುಗೆಯನ್ನೇ ಬಳಸಬೇಕು.

ಜಿಐ ಪೈಪು, ಅಂದರೆ ಸತು ಲೇಪಿಸಿದ ಉಕ್ಕಿನ ಪೈಪು, ಬಿಸಿನೀರಿಗೆ ನನ್ನ ಆಯ್ಕೆಯಲ್ಲ. 60 ಡಿಗ್ರಿ ದಾಟಿದ ಕೆಲವು ಬಗೆಯ ನೀರಿನಲ್ಲಿ ಸತುವಿನ ಲೇಪ ಉಕ್ಕನ್ನು ಕಾಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಜೊತೆಗೆ ಒಳಗೆ ತುಕ್ಕು, ಸುಣ್ಣದ ಪೊರೆ ಕಟ್ಟಿ ದಾರಿ ಮುಚ್ಚಿಹೋಗುತ್ತದೆ.

ತಾಮ್ರದ ಪೈಪಿಗೆ ಜಿಐ ಪೈಪನ್ನು ನೇರವಾಗಿ ಜೋಡಿಸಬಹುದೇ?

ಬೇಡ. ನೀರಿನಲ್ಲಿ ಎರಡು ಬೇರೆ ಲೋಹಗಳು ಮುಟ್ಟಿಕೊಂಡರೆ ವಿದ್ಯುತ್ ಕೋಶದಂತೆ ವರ್ತಿಸುತ್ತವೆ, ಸತು ಮತ್ತು ಉಕ್ಕು ಕರಗುತ್ತವೆ. ನಡುವೆ ಹಿತ್ತಾಳೆಯ ಫಿಟ್ಟಿಂಗ್ ಅಥವಾ ಎರಡು ಲೋಹಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಒಳಪದರದ ಯೂನಿಯನ್ ಹಾಕಿಸಿ. ನೀರು ಹರಿಯುವ ದಿಕ್ಕಿನಲ್ಲಿ ಮೊದಲು ಜಿಐ, ಆಮೇಲೆ ತಾಮ್ರ ಬರಲಿ. ಕ್ರಮ ತಿರುಗಿದರೆ ನೀರಿನಲ್ಲಿ ಕರಗಿ ಬಂದ ತಾಮ್ರದ ಕಣಗಳು ಜಿಐ ಪೈಪಿನೊಳಗೆ ಕೂತು ಅಲ್ಲಲ್ಲಿ ತೂತು ಕೊರೆಯುತ್ತವೆ.

ರಾತ್ರಿ ಗೋಡೆಯೊಳಗೆ ಟಕ್ ಟಕ್ ಸದ್ದು ಬರುತ್ತದೆ. ಪೈಪು ಒಡೆಯುತ್ತಿದೆಯೇ?

ಹೆಚ್ಚಾಗಿ ಅಲ್ಲ, ಹಿಗ್ಗುತ್ತಿದೆ. 10 ಮೀಟರ್ ತಾಮ್ರದ ಪೈಪು 60 ಡಿಗ್ರಿ ಬಿಸಿಯೇರಿದರೆ ಸುಮಾರು 10 ಮಿ.ಮೀ. ಉದ್ದವಾಗುತ್ತದೆ. ಅಷ್ಟೇ ಉದ್ದದ ಪೆಕ್ಸ್ ಸುಮಾರು 90 ಮಿ.ಮೀ. ಬೆಳೆಯುತ್ತದೆ. ಕ್ಲಿಪ್ಪು ಬಿಗಿಯಾಗಿದ್ದರೆ, ಮರದ ತೊಲೆಗೋ ಗಾರೆಗೋ ಪೈಪು ಒತ್ತಿಕೊಂಡಿದ್ದರೆ ಅದು ತಡೆತಡೆದು ಜಾರುವಾಗ ಆ ಸದ್ದು. ಗೋಡೆ ದಾಟುವ ಕಡೆ ದೊಡ್ಡ ತೋಳಿನ ಪೈಪು ಹಾಕಿ ಅದರೊಳಗೆ ಬಿಸಿನೀರಿನ ಪೈಪನ್ನು ಬಿಡಬೇಕು, ಉದ್ದದ ಸಾಲಿನಲ್ಲಿ ಒಂದು ಬಳಸು ತಿರುವು ಕೊಡಬೇಕು, ಪ್ಲಾಸ್ಟಿಕ್ ಪೈಪನ್ನು ಎರಡೂ ತುದಿಗಳಲ್ಲಿ ಬಿಗಿದು ನಡುವೆ ಎಳೆದು ಕಟ್ಟಬಾರದು.

ನಲ್ಲಿ ಥಟ್ಟನೆ ನಿಲ್ಲಿಸಿದಾಗ ಧಡ್ ಎಂದು ಒಂದೇ ಸಲ ಬಡಿದರೆ ಅದು ಬೇರೆ: ಓಡುತ್ತಿದ್ದ ನೀರು ಏಕಾಏಕಿ ನಿಂತು ಪೈಪಿಗೆ ಗುದ್ದುತ್ತಿದೆ. ಪೈಪನ್ನು ಗೋಡೆಗೆ ಸರಿಯಾಗಿ ಹಿಡಿಸಿ, ಒತ್ತಡ ಹೆಚ್ಚಿದ್ದರೆ ತಗ್ಗಿಸಿ.

ಗೀಸರಿನ ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಮುಚ್ಚಿಬಿಡಬಹುದೇ?

ಯಾವ ಕಾರಣಕ್ಕೂ ಮುಚ್ಚಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಲಿ.

100 ಲೀಟರ್ ನೀರನ್ನು 10 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 1.7 ಲೀಟರಿನಷ್ಟು ಹಿಗ್ಗುತ್ತದೆ. ತಣ್ಣೀರಿನ ದಾರಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಹಿಂದೆ ಹೋಗುವಂತಿಲ್ಲ, ನಲ್ಲಿ ಮುಚ್ಚಿದೆ, ಮುಂದೆಯೂ ಹೋಗುವಂತಿಲ್ಲ. ನೀರನ್ನು ಹಿಚುಕಿ ಚಿಕ್ಕದು ಮಾಡಲು ಆಗುವುದಿಲ್ಲ, ಆದ್ದರಿಂದ ಒತ್ತಡ ಸರಸರನೆ ಏರುತ್ತದೆ. ಆ ಹೆಚ್ಚುವರಿ ನೀರನ್ನು ಹೊರಬಿಡುವುದೇ ಸೇಫ್ಟಿ ವಾಲ್ವಿನ ಕೆಲಸ. ಕಾಯುವ ಹೊತ್ತಿನಲ್ಲಿ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಂತರೆ ವಾಲ್ವು ಸರಿಯಾಗಿದೆ ಎಂದೇ ಅರ್ಥ. ದಿನವಿಡೀ ನಿಲ್ಲದೆ ಜಿನುಗುತ್ತಿದ್ದರೆ ವಾಲ್ವಿನ ಒಳಗೆ ಕಸವೋ ಸುಣ್ಣವೋ ಸಿಕ್ಕಿದೆ ಅಥವಾ ಬರುವ ನೀರಿನ ಒತ್ತಡವೇ ಹೆಚ್ಚಿದೆ. ಆಗ ವಾಲ್ವನ್ನು ಬದಲಿಸಬೇಕು ಅಥವಾ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕು.

ಥರ್ಮೋಸ್ಟಾಟ್ ಕೆಟ್ಟು ನೀರು ಕಾಯುತ್ತಲೇ ಹೋದ ದಿನ ಕೊನೆಗೆ ಕಾಪಾಡುವುದು ಈ ವಾಲ್ವೇ. ಮುಚ್ಚಿದ ಟ್ಯಾಂಕಿನೊಳಗೆ 100 ಡಿಗ್ರಿ ಮೀರಿದ ನೀರು ಟ್ಯಾಂಕು ಬಿರಿದ ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಆವಿ ನೀರಿಗಿಂತ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಗೋಡೆಗಳನ್ನೇ ಕೆಡವುವ ಶಕ್ತಿ ಅದಕ್ಕಿದೆ. ಆದ್ದರಿಂದ ವಾಲ್ವಿನ ಬಾಯಿಗೆ ಬಿರಡೆ ಹಾಕುವುದು, ಅದರ ಮುಂದೆ ಇನ್ನೊಂದು ನಲ್ಲಿ ಕೂರಿಸುವುದು, ಹೊರಹೋಗುವ ಪೈಪನ್ನು ಮೇಲಕ್ಕೆ ತಿರುಗಿಸುವುದು ಕೂಡದು. ಆ ಪೈಪು ಇಳಿಜಾರಾಗಿ, ಯಾರ ಮೈಮೇಲೂ ಬೀಳದಂತೆ, ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿ ಕೊನೆಗೊಳ್ಳಬೇಕು.

ಮನೆ ಬೆಚ್ಚಗಿಡುವ ವ್ಯವಸ್ಥೆಯಲ್ಲೂ ನೀರು ಹಿಗ್ಗುತ್ತದಲ್ಲ, ಅದು ಎಲ್ಲಿಗೆ ಹೋಗುತ್ತದೆ?

ಎಕ್ಸ್‌ಪಾನ್ಷನ್ ಟ್ಯಾಂಕಿಗೆ. ಅದರೊಳಗೆ ಒಂದು ರಬ್ಬರ್ ಪರದೆ. ಒಂದು ಕಡೆ ಗಾಳಿ ಅಥವಾ ಸಾರಜನಕ, ಇನ್ನೊಂದು ಕಡೆ ನೀರು. ವ್ಯವಸ್ಥೆಯಲ್ಲಿ 100 ಲೀಟರ್ ಇದ್ದು 10 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಹೆಚ್ಚುವರಿ ಮೂರು ಲೀಟರಿಗೆ ಜಾಗ ಬೇಕು; ಗಾಳಿ ಕುಗ್ಗಿ ಆ ಜಾಗ ಕೊಡುತ್ತದೆ. ಸಾಮಾನ್ಯ ಮನೆಯಲ್ಲಿ ತಣ್ಣಗಿರುವಾಗ ಗೇಜು 1ರಿಂದ 1.5 ಬಾರ್ ತೋರಿಸುತ್ತದೆ, ಸೇಫ್ಟಿ ವಾಲ್ವ್ 3 ಬಾರಿಗೆ ತೆರೆದುಕೊಳ್ಳುತ್ತದೆ.

ಕಾದಾಗ ಮುಳ್ಳು 3ರ ಹತ್ತಿರ ಹೋಗಿ, ತಣಿದಾಗ ಸೊನ್ನೆಗೆ ಇಳಿಯುತ್ತಿದ್ದರೆ ಟ್ಯಾಂಕಿನ ಗಾಳಿ ಹೋಗಿದೆ ಎಂದು ಊಹಿಸಬಹುದು. ಟ್ಯಾಂಕಿಗೆ ಟೈರಿನಲ್ಲಿರುವಂಥದ್ದೇ ಗಾಳಿಯ ವಾಲ್ವ್ ಇರುತ್ತದೆ; ಅದರ ಪಿನ್ನನ್ನು ಒಮ್ಮೆ ಒತ್ತಿ. ಗಾಳಿಯ ಬದಲು ನೀರು ಬಂದರೆ ಪರದೆ ಹರಿದಿದೆ, ಟ್ಯಾಂಕನ್ನೇ ಬದಲಿಸಬೇಕು. ಇದನ್ನು ಕಂಡುಹಿಡಿಯದೆ ವಾರಕ್ಕೊಮ್ಮೆ ಹೊಸ ನೀರು ತುಂಬಿಸುತ್ತಾ ಹೋಗುವುದು ಕೆಟ್ಟ ಅಭ್ಯಾಸ. ಪ್ರತಿ ಸಲ ಒಳಗೆ ಬರುವ ಹೊಸ ನೀರು ಹೊಸ ಆಮ್ಲಜನಕವನ್ನೂ ಸುಣ್ಣವನ್ನೂ ತರುತ್ತದೆ.

ರೇಡಿಯೇಟರಿನ ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ. ಏನಾಗಿದೆ?

ಗಾಳಿ ಹಿಡಿದಿದೆ. ನೀರು ಕಾದಂತೆ ಅದರಲ್ಲಿ ಕರಗಿದ್ದ ಗಾಳಿ ಹೊರಬಂದು ಎತ್ತರದ ಜಾಗದಲ್ಲಿ ಸೇರುತ್ತದೆ. ಪಂಪನ್ನು ನಿಲ್ಲಿಸಿ, ರೇಡಿಯೇಟರಿನ ಮೇಲ್ತುದಿಯ ಚಿಕ್ಕ ಸ್ಕ್ರೂ ಕೆಳಗೆ ಬಟ್ಟೆ ಹಿಡಿದು, ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿ. ಮೊದಲು ಸುಯ್ ಎಂದು ಗಾಳಿ ಬರುತ್ತದೆ, ಆಮೇಲೆ ನೀರಿನ ಜೊತೆ ಉಗುಳಿದಂತೆ ಸಿಡಿಯುತ್ತದೆ, ಕೊನೆಗೆ ನೀರು ಮಾತ್ರ ಎಳೆಯಾಗಿ ಹರಿಯುತ್ತದೆ. ಆಗ ಬಿಗಿಯಬೇಕು. ನಂತರ ಗೇಜು ನೋಡಿ, ಒತ್ತಡ ಇಳಿದಿದ್ದರೆ ತುಂಬಿಸಿ.

ಮತ್ತೆ ಮತ್ತೆ ಅದೇ ರೇಡಿಯೇಟರಿನಲ್ಲಿ ಗಾಳಿ ಸೇರುತ್ತಿದ್ದರೆ ಸಂಶಯಪಡಿ. ಒಳಗೆ ಉಕ್ಕು ತುಕ್ಕು ಹಿಡಿಯುವಾಗ ಜಲಜನಕ ಹುಟ್ಟುತ್ತದೆ; ನೀವು ಹೊರಬಿಡುತ್ತಿರುವುದು ಗಾಳಿಯಲ್ಲ, ಅದೇ ಇರಬಹುದು. ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ಹತ್ತಿರ ಬೆಂಕಿ ಬೇಡ.

ಮೇಲೆ ಬಿಸಿ, ಕೆಳಗೆ ತಣ್ಣಗಿದ್ದರೆ?

ಹೂಳು ಕೂತಿದೆ. ಒಂದು ಲೋಟದಲ್ಲಿ ಆ ನೀರು ಹಿಡಿದರೆ ಮಸಿಯಂತೆ ಕಪ್ಪಗಿರುತ್ತದೆ; ಲೋಟದ ಹೊರಮೈಗೆ ಅಯಸ್ಕಾಂತ ಹಿಡಿದರೆ ಕಪ್ಪು ಕಣಗಳು ಆ ಕಡೆಗೆ ಬಂದು ಅಂಟಿಕೊಳ್ಳುತ್ತವೆ. ಅದು ಮ್ಯಾಗ್ನಟೈಟ್, ಅಂದರೆ ಕರಗಿಹೋದ ರೇಡಿಯೇಟರ್. ಪೂರ್ತಿ ತೊಳೆಸಿ, ತುಕ್ಕು ತಡೆಯುವ ರಾಸಾಯನಿಕ ಹಾಕಿಸಿ, ಬಾಯ್ಲರಿಗೆ ಮರಳುವ ಪೈಪಿನ ಮೇಲೆ ಅಯಸ್ಕಾಂತದ ಫಿಲ್ಟರ್ ಕೂರಿಸಿ.

ಪ್ಲಾಸ್ಟಿಕ್ ಪೈಪು ಹಾಕಿದ ಮನೆಗಳಲ್ಲಿ ಈ ತೊಂದರೆಗೆ ಇನ್ನೊಂದು ಕಾರಣವೂ ಉಂಟು. ಸಾಮಾನ್ಯ ಪೆಕ್ಸ್ ಪೈಪಿನ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ನಿಧಾನವಾಗಿ ಒಳಗೆ ನುಸುಳುತ್ತದೆ. ನೀರು ಹೊರಗೆ ಸೋರದಿದ್ದರೂ ಆಮ್ಲಜನಕ ಒಳಗೆ ಬರುತ್ತದೆ. ಇದಕ್ಕಾಗಿಯೇ ಹೀಟಿಂಗ್ ವ್ಯವಸ್ಥೆಗೆ ಆಮ್ಲಜನಕ ತಡೆಯುವ ಪದರ ಇರುವ ಪೆಕ್ಸ್ ಅಥವಾ ನಡುವೆ ಅಲ್ಯೂಮಿನಿಯಂ ಹಾಳೆ ಇರುವ ಪೈಪನ್ನು ಬಳಸಬೇಕು.

ದೂರದ ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ. ದೊಡ್ಡ ಪಂಪು ಹಾಕಿಸಲೇ?

ಮೊದಲು ಹತ್ತಿರದ ರೇಡಿಯೇಟರುಗಳನ್ನು ತುಸು ಬಿಗಿಮಾಡಿ ನೋಡಿ. ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ, ಪಂಪಿನ ಪಕ್ಕದ ರೇಡಿಯೇಟರ್ ಪಾಲಿಗಿಂತ ಹೆಚ್ಚು ಕುಡಿದುಬಿಡುತ್ತದೆ. ಪ್ರತಿ ರೇಡಿಯೇಟರಿನ ಮರಳುವ ತುದಿಯಲ್ಲಿ, ಮುಚ್ಚಳದ ಕೆಳಗೆ ಹರಿವು ಹೊಂದಿಸುವ ವಾಲ್ವ್ ಇರುತ್ತದೆ. ಹತ್ತಿರದವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ದೂರದ್ದನ್ನು ಪೂರ್ತಿ ತೆರೆದಿಟ್ಟು, ಎಲ್ಲವೂ ಒಂದೇ ಹೊತ್ತಿಗೆ ಬಿಸಿಯಾಗುವವರೆಗೆ ಹೊಂದಿಸಬೇಕು. ತಾಳ್ಮೆಯ ಕೆಲಸ, ಆದರೆ ಹೊಸ ಪಂಪಿನ ಖರ್ಚು ಉಳಿಸುತ್ತದೆ.

ನೆಲದೊಳಗೆ ಪೈಪು ಹಾಕಿ ಬೆಚ್ಚಗಿಡುವ ವ್ಯವಸ್ಥೆಯಲ್ಲಿ ಮುಖ್ಯವಾಗಿ ಏನು ನೋಡಬೇಕು?

ಗಾರೆಯೊಳಗೆ ಒಂದೂ ಜಾಯಿಂಟ್ ಇರಬಾರದು. ಪ್ರತಿ ಸುತ್ತೂ ಮ್ಯಾನಿಫೋಲ್ಡಿನಿಂದ (ಎಲ್ಲ ಸುತ್ತುಗಳಿಗೂ ನೀರು ಹಂಚುವ ಪೈಪಿನಿಂದ) ಹೊರಟು ಅಲ್ಲಿಗೇ ಮರಳುವ ಒಂದೇ ತುಂಡಾಗಿರಬೇಕು. 16 ಮಿ.ಮೀ. ಪೈಪಿನ ಒಂದು ಸುತ್ತು ಸುಮಾರು 100 ಮೀಟರ್ ಮೀರದಿರಲಿ, 150 ಮಿ.ಮೀ. ಅಂತರದಲ್ಲಿ ಹಾಸಿದರೆ ಅಷ್ಟು ಉದ್ದಕ್ಕೆ 15 ಚದರ ಮೀಟರ್ ನೆಲ ಆಗುತ್ತದೆ. ನೀರು 35ರಿಂದ 45 ಡಿಗ್ರಿ ಇದ್ದರೆ ಸಾಕು. ಗಾರೆ ಸುರಿಯುವಾಗ ಪೈಪಿನಲ್ಲಿ ಒತ್ತಡದ ನೀರು ತುಂಬಿಸಿಟ್ಟು ಗೇಜನ್ನು ನೋಡುತ್ತಿರಬೇಕು. ಕೆಲಸಗಾರನ ಗುದ್ದಲಿ ತಗುಲಿ ಪೈಪು ಸೀಳಿದರೆ ಆಗಲೇ ಗೊತ್ತಾಗುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದ ಮೇಲೆ ಗೊತ್ತಾದರೆ ನೆಲ ಅಗೆಯಬೇಕು. ಹಾಸಿದ ಪೈಪಿನ ಫೋಟೊಗಳನ್ನು ಅಳತೆಪಟ್ಟಿ ಕಾಣುವಂತೆ ತೆಗೆದಿಡಿ.

ಪಂಪಿಲ್ಲದೆ ಸೋಲಾರ್ ಹೀಟರಿನಲ್ಲಿ ನೀರು ತಿರುಗುವುದು ಹೇಗೆ? ನಮ್ಮದರಲ್ಲಿ ತಿರುಗುತ್ತಿಲ್ಲವಲ್ಲ?

ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿದು ಆ ಜಾಗ ತುಂಬುತ್ತದೆ. ಈ ತಳ್ಳುವ ಬಲ ಬಹಳ ಅಲ್ಪ. ಫಲಕ ಮತ್ತು ಟ್ಯಾಂಕು ಬೇರೆಬೇರೆ ಇರುವ ವ್ಯವಸ್ಥೆಯಲ್ಲಿ ಟ್ಯಾಂಕಿನ ತಳ ಫಲಕದ ಮೇಲ್ತುದಿಗಿಂತ ಎತ್ತರದಲ್ಲಿರಬೇಕು, ಬಿಸಿ ಪೈಪು ಉದ್ದಕ್ಕೂ ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಡೊಂಕಾಗಿ ಮೇಲೆದ್ದು ಕೆಳಗಿಳಿದರೆ ಆ ಉಬ್ಬಿನಲ್ಲಿ ಗಾಳಿ ಸೇರಿ ಹರಿವು ನಿಂತೇಹೋಗುತ್ತದೆ. ನಿಮ್ಮ ಪೈಪಿನ ಮೇಲೆ ಮಟ್ಟಗೋಲು ಇಟ್ಟು ನೋಡಿ. ಟ್ಯಾಂಕಿನ ಗಾಳಿ ಪೈಪಿನ ಬಾಯಿ ಮುಚ್ಚಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಗಾಜಿನ ಕೊಳವೆಯ ಮಾದರಿಯಲ್ಲಿ ಬಿಸಿಲಿಗೆ ಖಾಲಿಯಾಗಿ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಬಿರಿಯುತ್ತದೆ; ಬೆಳಗಿನ ಜಾವ ಅಥವಾ ಕತ್ತಲಾದ ಮೇಲೆ ತುಂಬಿಸಿ.

ನೀರನ್ನು ಎಷ್ಟು ಡಿಗ್ರಿಯಲ್ಲಿ ಇಡಬೇಕು?

ಸಂಗ್ರಹಿಸಿಡುವ ಟ್ಯಾಂಕಿನಲ್ಲಿ 60 ಡಿಗ್ರಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಶವರಿನ ತುಂತುರಿನೊಡನೆ ಶ್ವಾಸಕೋಶಕ್ಕೆ ಹೋದರೆ ಗಂಭೀರ ನ್ಯುಮೋನಿಯಾ ತರಬಹುದು. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ಬಿಸಿ ಇಟ್ಟು, ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ವಾಲ್ವ್ ಹಾಕಿಸುವುದು ಸರಿಯಾದ ದಾರಿ, ಮಕ್ಕಳು ಮತ್ತು ವಯಸ್ಸಾದವರು ಇರುವ ಮನೆಯಲ್ಲಂತೂ ಖಂಡಿತ. ಬಳಸದೆ ಬಿಟ್ಟ ಹಳೆಯ ಕವಲು ಪೈಪುಗಳಿದ್ದರೆ ಬುಡದಲ್ಲೇ ಕತ್ತರಿಸಿ ತೆಗೆಸಿ, ನೀರು ನಿಂತು ಕೊಳೆಯುವುದು ಅಲ್ಲೇ.

ಪೈಪಿಗೆ ಹೊದಿಕೆ ಬೇಕೇ?

ಬೇಕು. ಬಿಸಿನೀರಿನ ಪೈಪು ಎಲ್ಲೆಲ್ಲಿ ಬೆಚ್ಚಗಿಡಬೇಕಿಲ್ಲದ ಜಾಗದಲ್ಲಿ ಹೋಗುತ್ತದೋ ಅಲ್ಲೆಲ್ಲ. ಮೊಣಕೈ ತಿರುವು, ವಾಲ್ವುಗಳ ಹತ್ತಿರ ಹೊದಿಕೆ ಬಿಟ್ಟುಬಿಡುವುದೇ ಹೆಚ್ಚು, ಅಲ್ಲೂ ಹಾಕಿಸಿ. ಹೊರಗಿನ ಪೈಪಿನ ಫೋಮಿಗೆ ಬಿಸಿಲು ತಡೆಯುವ ಸುತ್ತು ಬೇಕು.

ಹೆಪ್ಪುಗಟ್ಟುವ ಚಳಿಯಲ್ಲಿ ಪೈಪು ಏಕೆ ಒಡೆಯುತ್ತದೆ?

ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಮಂಜಿನ ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ. ಸೀಳಿದ್ದು ಕರಗಿದ ಮೇಲೆಯೇ ತಿಳಿಯುತ್ತದೆ. ಹೆಪ್ಪುಗಟ್ಟಿದ ಪೈಪನ್ನು ಬೆಂಕಿಯಿಂದ ಕಾಯಿಸಬೇಡಿ. ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಬಿಸಿಬಟ್ಟೆ ಇಡುತ್ತಾ ಬನ್ನಿ.

ಕಾರಿನ ಹೀಟರಿಗೆ ಬಿಸಿ ಎಲ್ಲಿಂದ ಬರುತ್ತದೆ?

ಎಂಜಿನ್ನಿನಿಂದ, ಪುಕ್ಕಟೆಯಾಗಿ. ಎಂಜಿನ್ ಸುತ್ತ ಹರಿದು ಕಾದ ಕೂಲಂಟ್ ಎರಡು ರಬ್ಬರ್ ಹೋಸುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ ಹೋಗಿ ಬರುತ್ತದೆ. ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. ಈ ಹೋಸುಗಳ ಒಳವ್ಯಾಸ ಸಾಮಾನ್ಯವಾಗಿ 16 ಅಥವಾ 19 ಮಿ.ಮೀ. ಮನೆಯ ರೇಡಿಯೇಟರ್ ವ್ಯವಸ್ಥೆಯದೇ ತತ್ವ. ಬಾಯ್ಲರಿನ ಜಾಗದಲ್ಲಿ ಎಂಜಿನ್, ಪಂಪಿನ ಜಾಗದಲ್ಲಿ ವಾಟರ್ ಪಂಪ್, ಸೇಫ್ಟಿ ವಾಲ್ವಿನ ಜಾಗದಲ್ಲಿ ರೇಡಿಯೇಟರ್ ಕ್ಯಾಪ್. ವಿದ್ಯುತ್ ಕಾರಿನಲ್ಲಿ ಎಂಜಿನ್ ಶಾಖವಿಲ್ಲ, ಹಾಗಾಗಿ ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್ ಆ ಕೆಲಸ ಮಾಡುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ತಂತಿಗಳು ಕಂಡರೆ ಕೈ ಹಾಕಬೇಡಿ, ಅವು ಅಧಿಕ ವೋಲ್ಟೇಜಿನವು.

ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತದೆ. ಎಲ್ಲಿಂದ ಹುಡುಕಲಿ?

ಆ ಎರಡು ಹೋಸುಗಳಿಂದ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಫ್ಯಾನು ಬೆಲ್ಟುಗಳಿಂದ ಬಟ್ಟೆ, ಕೂದಲು ದೂರವಿಟ್ಟು, ಹೋಸುಗಳನ್ನು ಕೈಯ ಹಿಂಬದಿಯಿಂದ ಹಗುರವಾಗಿ ಮುಟ್ಟಿ ನೋಡಿ. ಎರಡೂ ಚೆನ್ನಾಗಿ ಬಿಸಿಯಾಗಿದ್ದರೆ ನೀರಿನ ಕಡೆ ತೊಂದರೆಯಿಲ್ಲ. ಗಾಳಿಯನ್ನು ತಿರುಗಿಸುವ ಒಳಗಿನ ಬಾಗಿಲು ಕೆಟ್ಟಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಗಾಳಿ ಹಿಡಿದಿದೆ ಅಥವಾ ಹೀಟರ್ ವಾಲ್ವ್ ಮುಚ್ಚಿದೆ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ವಾಲ್ವ್) ತೆರೆದೇ ಉಳಿದಿರಬಹುದು ಅಥವಾ ಕೂಲಂಟ್ ಕಡಿಮೆಯಿರಬಹುದು.

ಕೂಲಂಟ್ ಕಡಿಮೆಯಾದಾಗ ಮೊದಲು ಸೊರಗುವುದು ಹೀಟರೇ ಆಗಿರುತ್ತದೆ, ಯಾಕೆಂದರೆ ಬಹಳಷ್ಟು ವಾಹನಗಳಲ್ಲಿ ಅದರ ಕೋರ್ ಎತ್ತರದಲ್ಲಿರುತ್ತದೆ. ಆದ್ದರಿಂದ ಹೀಟರ್ ಏಕಾಏಕಿ ತಣ್ಣಗಾದರೆ ಎಂಜಿನ್ನಿನ ಉಷ್ಣದ ಮುಳ್ಳನ್ನು ಕೂಡಲೇ ನೋಡಿ; ಅದು ಎಂಜಿನ್ ಕೊಡುವ ಮುನ್ಸೂಚನೆ ಇರಬಹುದು.

ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡು ಮಂಜು, ಕಾಲಡಿಯ ಹಾಸು ಒದ್ದೆ. ಏನಿದು?

ಹೀಟರ್ ಕೋರ್ ಸೋರುತ್ತಿದೆ. ಬದಲಿಸಬೇಕು. ಕೆಲವರು ಎರಡೂ ಹೋಸುಗಳನ್ನು ಒಂದಕ್ಕೊಂದು ಸೇರಿಸಿ ಕೋರನ್ನು ತಪ್ಪಿಸುತ್ತಾರೆ. ಗ್ಯಾರೇಜ್ ತಲುಪುವವರೆಗೆ ಅದು ನಡೆದೀತು. ಆದರೆ ಗಾಜಿನ ಮಂಜು ತೆಗೆಯಲು ಹೀಟರ್ ಬೇಕೇ ಬೇಕು, ಹಾಗಾಗಿ ಅದನ್ನೇ ಶಾಶ್ವತ ಮಾಡಿಕೊಳ್ಳಬೇಡಿ. ಕೂಲಂಟಿನ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕದಂತೆ, ಮಕ್ಕಳ ಕೈಗೆ ಸಿಗದಂತೆ ಕೂಡಲೇ ತೊಳೆಯಿರಿ.

ಕೂಲಂಟಿನ ಬದಲು ಬರೀ ನೀರು ಹಾಕಿದರೆ ಏನು?

ತುರ್ತಿಗೆ ಹಾಕಿ, ಅಷ್ಟೇ. ಅರ್ಧ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ನೀರಿಗಿಂತ ತಡವಾಗಿ ಕುದಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಬರೀ ನೀರಿನಿಂದ ಅಲ್ಯೂಮಿನಿಯಂ ಕೋರ್ ಒಳಗೊಳಗೇ ಕೊರೆದುಹೋಗುತ್ತದೆ. ಬೇರೆಬೇರೆ ಬಗೆಯ ಕೂಲಂಟುಗಳನ್ನು ಬಣ್ಣ ನೋಡಿ ಬೆರೆಸಬೇಡಿ, ವಾಹನದ ಕೈಪಿಡಿ ಹೇಳಿದ್ದನ್ನೇ ಹಾಕಿ.

ಕ್ಯಾಪು ಬಿಸಿಯಿರುವಾಗ ತೆರೆಯಬಾರದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಸುಟ್ಟುಕೊಳ್ಳುತ್ತಾರೆ. ಕಾರಣ ಇದು: ಕ್ಯಾಪು ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಾಗ ನೀರು 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಕ್ಯಾಪು ತೆರೆದರೆ ಒತ್ತಡ ಬಿದ್ದು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿಯಲು ಬಿಡಿ.

ಹೋಸುಗಳನ್ನು ಯಾವಾಗ ಬದಲಿಸಬೇಕು?

ಹೊರಗೆ ಚೆನ್ನಾಗಿ ಕಂಡರೆ ಸಾಲದು. ಈ ಹೋಸುಗಳು ಇಪಿಡಿಎಂ ರಬ್ಬರಿನವು. ಲೋಹ ಮತ್ತು ಕೂಲಂಟಿನ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಒಳಗಡೆಯಿಂದ ಬಿರುಕು ಬಿಡುತ್ತವೆ, ಅದೂ ತುದಿಗಳ ಹತ್ತಿರ. ತಣ್ಣಗಿರುವಾಗ ಕ್ಲಾಂಪಿನಿಂದ ಎರಡು ಬೆರಳು ದೂರದಲ್ಲಿ ಹೆಬ್ಬೆರಳಿನಿಂದ ಹಿಚುಕಿ, ಆಮೇಲೆ ನಡುಭಾಗದಲ್ಲಿ ಹಿಚುಕಿ. ತುದಿ ಹೆಚ್ಚು ಮೆತ್ತಗಿದ್ದರೆ ಅಥವಾ ಒಳಗೆ ಸೀಳಿದಂತೆ ಬೆರಳಿಗೆ ತಿಳಿದರೆ ಬದಲಿಸಿ. ಎಂಜಿನ್ ಎಣ್ಣೆ ತಾಗಿ ಉಬ್ಬಿದ ಹೋಸನ್ನೂ ಬದಲಿಸಿ. ಕಿತ್ತುವಾಗ ಕೋರಿನ ಮೂತಿಯ ಮೇಲೆ ಎಳೆದಾಡಬೇಡಿ, ಅದು ತೆಳು ಲೋಹ. ಹೋಸನ್ನು ಉದ್ದಕ್ಕೆ ಸೀಳಿ ಬಿಡಿಸಿ. ಸ್ಪ್ರಿಂಗ್ ಕ್ಲಾಂಪು ಇದ್ದಲ್ಲಿ ಸ್ಪ್ರಿಂಗ್ ಕ್ಲಾಂಪನ್ನೇ ಹಾಕಿ. ರಬ್ಬರ್ ಕುಗ್ಗಿದಂತೆ ಅದು ತಾನೂ ಬಿಗಿಯಾಗುತ್ತದೆ, ಸ್ಕ್ರೂ ಕ್ಲಾಂಪು ಆಗುವುದಿಲ್ಲ. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡು ಇಲ್ಲಿ ನಡೆಯುವುದಿಲ್ಲ.

ಹೊಸ ಕೂಲಂಟ್ ತುಂಬಿಸಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಲ್ಲುವವರೆಗೆ ಬಿಡಿ.

ಬಸ್ಸು, ಕ್ಯಾಂಪರ್ ವ್ಯಾನುಗಳ ಡೀಸೆಲ್ ಹೀಟರಿನ ಪೈಪುಗಳಲ್ಲಿ ಎಚ್ಚರ ಯಾವುದು?

ಹೊಗೆ ಪೈಪು. ಎಂಜಿನ್ ನಿಂತಾಗಲೂ ಉರಿಯುವ ಈ ಹೀಟರುಗಳಿಗೆ ನಾಲ್ಕು ದಾರಿಗಳಿರುತ್ತವೆ: ಡೀಸೆಲ್ ಬರುವುದು, ಉರಿಯಲು ಗಾಳಿ ಬರುವುದು, ಹೊಗೆ ಹೋಗುವುದು, ಬಿಸಿಗಾಳಿ ಅಥವಾ ಬಿಸಿನೀರು ಒಳಗೆ ಬರುವುದು. ಉರಿಯುವ ಗಾಳಿಯೂ ಹೊಗೆಯೂ ವಾಹನದ ಹೊರಗಿನವು, ವಾಸದ ಜಾಗದ ಗಾಳಿಯನ್ನು ಮುಟ್ಟಲೇಬಾರದು.

ಹೊಗೆ ಪೈಪು ಉಕ್ಕಿನದ್ದಾಗಿರಲಿ, ಜಾಯಿಂಟುಗಳು ವಾಹನದ ನೆಲದ ಕೆಳಗೇ ಇರಲಿ, ಒಳಗೆ ಒಂದೂ ಬೇಡ. ಪೈಪು ಹೊರಕ್ಕೆ ಇಳಿಜಾರಾಗಿರಬೇಕು, ಇಲ್ಲವಾದರೆ ಆವಿ ನೀರಾಗಿ ತಗ್ಗಿನಲ್ಲಿ ನಿಂತು ದಾರಿ ಕಟ್ಟುತ್ತದೆ. ತುದಿ ಕಿಟಕಿ, ಬಾಗಿಲು, ಗಾಳಿ ಎಳೆಯುವ ಬಾಯಿಯ ಕೆಳಗೆ ಬರಬಾರದು. ಹೊಗೆ ಪೈಪು ಕೆಂಪಗೆ ಕಾಣದಿದ್ದರೂ ಬಹಳ ಬಿಸಿ. ತಂತಿ, ಡೀಸೆಲ್ ಪೈಪು, ಮರ ಹತ್ತಿರ ಇರಬಾರದು. ಡೀಸೆಲ್ ಪೈಪು ಒಳವ್ಯಾಸ ಕಿರಿದಾದ ಗಟ್ಟಿ ಪೈಪೇ ಆಗಿರಬೇಕು. ದೊಡ್ಡ ರಬ್ಬರ್ ಪೈಪು ಹಾಕಿದರೆ ಗುಳ್ಳೆ ಸೇರಿ ಉರಿ ಬಿಟ್ಟುಬಿಟ್ಟು ಹೊತ್ತುತ್ತದೆ.

ಇದೇ ಎಚ್ಚರ ಮನೆಯ ಗ್ಯಾಸ್ ಗೀಸರಿಗೂ ಬೇಕು. ಗಾಳಿಯಾಡದ ಬಚ್ಚಲುಮನೆಯಲ್ಲಿ ಅದನ್ನು ಹಾಕಿಸಲೇಬಾರದು, ಹೊಗೆಯನ್ನು ಹೊರಗೆ ಒಯ್ಯುವ ಪೈಪಿಲ್ಲದೆ ನಡೆಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು ಅದರ ಲಕ್ಷಣ. ನಿದ್ರೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಹಾಕಿ. ಅದು ಕೂಗಿದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ, ಹೀಟರ್ ಏಕೆ ಕೆಟ್ಟಿತು ಎಂದು ಒಳಗೆ ನಿಂತು ಹುಡುಕಬೇಡಿ.